ಮೈಕಿನಲ್ಲಿ ಕೂಗಿದ ಹೆಸರು

ಹುಬ್ಬಳ್ಳಿಯ ಗೋಪನಕೊಪ್ಪದಲ್ಲಿ ನಮ್ಮ ಮನೆಯ ಎದುರಿಗೇ ಇಮಾಮಹುಸೇನ ನದಾಫರ ಮನೆ. ಓಣಿಯಲ್ಲಿ ಯಾರೂ ಅವರನ್ನು ಅಷ್ಟುದ್ದದ ಹೆಸರು ಹಿಡಿದು ಕರೆಯುವುದಿಲ್ಲ. ಎಲ್ಲರಿಗೂ ಅವರು ಡ್ರೈವರ್ ಕಾಕಾ. ಸರಕಾರಿ ಬಸ್ಸು ಓಡಿಸಿ ನಿವೃತ್ತರಾದವರು. ಎತ್ತರದ ಆಳು, ತುಸು ಬಾಗಿದ ಬೆನ್ನು, ಮಾತು ಬಹಳ ಕಡಿಮೆ. ವಾರಕ್ಕೊಮ್ಮೆ ಬರುವ ನಲ್ಲಿ ನೀರಿಗೆ ಯಾರಾದರೂ ಸರದಿ ತಪ್ಪಿಸಿ ಪೈಪು ಹಚ್ಚಿದರೂ "ಹೋಗ್ಲಿ ಬಿಡ್ರಿ" ಎಂದು ಕೊಡ ಎತ್ತಿಕೊಂಡು ಒಳಗೆ ಹೋಗುವ ಮನುಷ್ಯ. ಅಂಥವರು ದೊಡ್ಡ ಸಭೆಯಲ್ಲಿ, ಅಧಿಕಾರಿಗಳ ಎದುರು ಮೈಕು ಹಿಡಿದರು ಎಂದಾಗ ನಾವು ಯಾರೂ ನಂಬಲಿಲ್ಲ. ಅವರ ಹೆಂಡತಿ ಗುಲ್ಜಾರಬಿಯೂ ನಂಬಲಿಲ್ಲ. ನಾನು ನನ್ನ ಫೋನಿನಲ್ಲಿ ವಿಡಿಯೋ ತೋರಿಸಿದಾಗ ಆಕೆ ಸೆರಗಿನಿಂದ ಪರದೆ ಒರೆಸಿ, ಕಣ್ಣಿಗೆ ಹತ್ತಿರ ಹಿಡಿದು ಎರಡೆರಡು ಸಲ ನೋಡಿದಳು. "ಮಾರಿ ಇವರದ ಐತ್ರಿ. ದನಿ ಮಾತ್ರ ಇವರದಲ್ಲ" ಎಂದಳು.

ನಡೆದದ್ದನ್ನು ಕಾಕಾ ನನಗೆ ಒಂದೇ ಸಲಕ್ಕೆ ಹೇಳಲಿಲ್ಲ. ಒಂದಿಷ್ಟು ಕಟ್ಟೆಯ ಮೇಲೆ, ಒಂದಿಷ್ಟು ನೀರಿಗೆ ಕಾಯುತ್ತ, ಒಂದಿಷ್ಟು ನಾನೇ ಅವರ ಜೊತೆ ನೇರಲಕೊಪ್ಪಕ್ಕೆ ಹೋದಾಗ ತಿಳಿದದ್ದು.

ನೌಕರಿಯ ಬಹಳ ವರ್ಷ ಅವರು ಓಡಿಸಿದ್ದು ನೇರಲಕೊಪ್ಪದ ವಸ್ತಿ ಬಸ್ಸು. ಸಂಜೆ ಹುಬ್ಬಳ್ಳಿಯಿಂದ ಹೊರಟು, ಕಲಘಟಗಿ ದಾಟಿ, ಕಾಡಿನ ಅಂಚಿನ ಆ ಊರು ಮುಟ್ಟಿ ಅಲ್ಲೇ ತಂಗುವ ಬಸ್ಸು. ಬೆಳಿಗ್ಗೆ ಹಾಲಿನ ಕ್ಯಾನು, ಕಾಲೇಜಿನ ಹುಡುಗರು, ಸಂತೆಯವರು ಎಲ್ಲರನ್ನೂ ತುಂಬಿಕೊಂಡು ಮರಳಿ ಬರುವುದು. ನೇರಲಕೊಪ್ಪದ ಬೆನ್ನಿಗೇ ಗುಡ್ಡ. ಗುಡ್ಡದಿಂದಾಚೆ ಸರಕಾರ ಗಡಿಕಲ್ಲು ನೆಟ್ಟು ಕಾಪಾಡಿಕೊಂಡು ಬಂದ ವನ್ಯಜೀವಿ ಧಾಮ. ಕಡವೆ, ಕಾಡೆಮ್ಮೆ, ಅಪರೂಪಕ್ಕೆ ಚಿರತೆ. ಆ ಗುಡ್ಡದ ಮಡಿಲಲ್ಲಿ ಬಿರುಬೇಸಿಗೆಯಲ್ಲೂ ಬತ್ತದ ಒಂದು ಒರತೆಯಿದೆ. ಊರವರು ಅದನ್ನು ಅಜ್ಜನ ವರ್ತಿ ಅನ್ನುತ್ತಾರೆ. ಅದರ ನೀರೇ ಹಳ್ಳವಾಗಿ ಇಳಿದು ನೇರಲಕೊಪ್ಪಕ್ಕೂ ಕೆಳಗಿನ ಊರುಗಳ ಕೆರೆಗಳಿಗೂ ಸೇರುತ್ತದೆ.

ವರ್ತಿಯ ಪಕ್ಕದಲ್ಲಿ, ಊರವರು ಅಜ್ಜ ಎಂದೇ ಕರೆಯುವ ದೇವರ ಪುಟ್ಟ ಗುಡಿ. ಅದರ ಪೂಜೆ ಗುರುಸಿದ್ದಯ್ಯ ಹಿರೇಮಠರದು. ಮೊದಲ ಮಳೆಗಾಲದಲ್ಲಿ ಇಮಾಮಹುಸೇನರು ಸೋರುವ ಬಸ್ಸಿನಲ್ಲಿ ಮುದುಡಿ ಮಲಗಿದ್ದನ್ನು ನೋಡಿ, ಕಿಟಕಿ ತಟ್ಟಿ ಎಬ್ಬಿಸಿದವರು ಅವರೇ. "ಏಳ್ರಿ, ನಮ್ಮ ಪಡಸಾಲಿ ಖಾಲಿ ಬಿದ್ದೈತಿ. ನೀವು ಇಲ್ಲಿ ತೊಯ್ಕೊಂಡ ಮಲಗಿದ್ರ ನಾಳಿ ನಮ್ಮ ಬಸ್ಸು ಯಾರು ಬಿಡಾವ್ರು?" ಅಂದಿನಿಂದ ಆ ಪಡಸಾಲೆಯೇ ಅವರ ವಸ್ತಿ. ಗುರುಸಿದ್ದಯ್ಯನವರ ಹೆಂಡತಿ ಶಿವಬಸವ್ವ ಹಂಚಿನಿಂದಿಳಿದ ಬಿಸಿ ರೊಟ್ಟಿ, ಪುಂಡಿಪಲ್ಯ, ಗಟ್ಟಿ ಮೊಸರು ಹಾಕುತ್ತಿದ್ದರು. ಬೆಳಗಿನ ಜಾವ ಒಳಗೆ ಇವರ ಲಿಂಗಪೂಜೆ, ಹೊರಗೆ ಪಡಸಾಲೆಯಲ್ಲಿ ಅವರ ನಮಾಜು. ಎರಡೂ ಮುಗಿದ ಮೇಲೆ ಇಬ್ಬರೂ ಕೂಡಿ ಚಹಾ.

ಗುರುಸಿದ್ದಯ್ಯ ಮಾತಿನ ಮಲ್ಲ. ಇಮಾಮಹುಸೇನರು ಮಾತಾಡದೇ ಉಳಿಸಿದ್ದನ್ನೂ ಅವರೇ ಆಡಿಬಿಡುತ್ತಿದ್ದರು. ಅವರಿಗೆ ಸಿಟ್ಟು ಬಂದದ್ದನ್ನು ಇವರು ಕಂಡದ್ದು ಒಂದೇ ಸಲ. ವರ್ತಿಯ ಕೆಳಗಿನ ಕಲ್ಲಿನ ಮೇಲೆ ಕೂತು ಇವರು ಸೋಪು ಹಚ್ಚಿ ಕಾಲು ತಿಕ್ಕುತ್ತಿದ್ದರಂತೆ. "ಏ ಇಮಾಮಣ್ಣ, ಸಂಜೀಕ ಇಲ್ಲಿ ಕಡವಿ ಬರ್ತಾವ. ಅವಕ್ಕ ಸಬಕಾರದ ನೀರು ಕುಡಸ್ತಿ ಏನು? ಈ ನೀರು ನಮ್ಮಪ್ಪಂದಲ್ಲ, ನಿಮ್ಮಪ್ಪಂದೂ ಅಲ್ಲ!" ಎಂದು ಕೂಗಿ, ಆ ಸಬಕಾರವನ್ನು ಕಸಿದು ಪೊದೆಯತ್ತ ಎಸೆದಿದ್ದರು. ಆ ಮಾತು ಹೇಳುವಾಗ ಕಾಕಾ ಈಗಲೂ ನಗುತ್ತಾರೆ.

ನಿವೃತ್ತಿಯಾದ ಮೇಲೆ ದೇಶಪಾಂಡೆ ನಗರದ ರಾಜಶೇಖರ ಎಂಬವರ ಟ್ರಾವೆಲ್ಸ್‌ನಲ್ಲಿ ಬಸ್ಸು ಓಡಿಸತೊಡಗಿದರು. ಮದುವೆ ದಿಬ್ಬಣ, ತೀರ್ಥಯಾತ್ರೆ. ನೇರಲಕೊಪ್ಪದ ದಾರಿ ತಪ್ಪಿತು. ಆಗಾಗ ಫೋನು ಮಾತ್ರ. ಕೊನೆಯ ಸಲ ಗುರುಸಿದ್ದಯ್ಯ ಫೋನು ಮಾಡಿದಾಗ ಅವರ ದನಿಯಲ್ಲಿ ಎಂದಿನ ನಗೆ ಇರಲಿಲ್ಲ.

"ಗುಡ್ಡಕ್ಕ ಮಷಿನ್ ಬಂದಾವೋ ಇಮಾಮಣ್ಣ. ಒಳಗ ಮ್ಯಾಂಗನೀಸ್ ಐತಂತ. ಗಡಿಕಲ್ಲಿಗಿ ಹತ್ತಿಕೊಂಡ ಕೊರ್ಯಾಕತ್ತಾರ. ಗಣಿ ಬಂದ್ರ ಕಾಡಿನ ಒಳಗೂ ಅಗೀತಾರಂತ. ನಾ ಸರಕಾರಕ್ಕ ತಕರಾರು ಅರ್ಜಿ ಕೊಟ್ಟೇನಿ. ನೀ ಒಮ್ಮಿ ಬಂದ ನೋಡು."

"ಬರ್ತೇನ್ರಿ ಅಯ್ಯಾರ. ಮದವಿ ಸೀಜನ್ ಒಂದ ಮುಗೀಲಿ."

ಸೀಜನ್ನು ಮುಗಿಯಿತು. ಆಮೇಲೆ ಎಷ್ಟು ಸಲ ಹಚ್ಚಿದರೂ ಆ ಕಡೆಯ ಫೋನು ಹತ್ತಲಿಲ್ಲ. ಗುಡ್ಡದ ಊರು, ಸಿಗ್ನಲ್ ಇರಲಿಕ್ಕಿಲ್ಲ ಎಂದುಕೊಂಡು ಸುಮ್ಮನಾದರು.

ಮರುವರ್ಷದ ದೀಪಾವಳಿ ಕಳೆದು ಕೆಲವು ದಿನಕ್ಕೆ ರಾಜಶೇಖರ ಕರೆದು ಹೇಳಿದರು: "ಕಾಕಾ, ನಾಳಿ ನಿಮ್ಮ ಹಳೇ ರೂಟು ಐತಿ ನೋಡ್ರಿ. ನೇರಲಕೊಪ್ಪ. ಏನೋ ಮೀಟಿಂಗ್ ಐತಂತ. ಇಲ್ಲಿಂದ ಮಂದೀನ ಕರ್ಕೊಂಡ ಹೋಗಿ ಕರ್ಕೊಂಡ ಬರೂದು."

ಕಾಕಾಗೆ ಹಬ್ಬ ಬಂದಷ್ಟು ಸಂತೋಷ. ಗುಲ್ಜಾರಬಿ ತಾನೇ ಹೊಸೆದ ಶಾವಿಗೆಯ ಒಂದು ಪೊಟ್ಟಣ ಕಟ್ಟಿ ಶಿವಬಸವ್ವನಿಗೆಂದು ಕೊಟ್ಟಳು.

ಬೆಳಿಗ್ಗೆ ಬಸ್ಸು ಹತ್ತಿದವರನ್ನು ನೋಡಿ ಕಾಕಾಗೆ ಏನೂ ಅನ್ನಿಸಲಿಲ್ಲ. ನಾಕಾದಲ್ಲಿ ಕೂಲಿಗೆ ಕಾಯುತ್ತ ನಿಲ್ಲುವ ಹೆಂಗಸರು, ಗೌಂಡಿ ಕೆಲಸದವರು, ಕೆಲವು ತರುಣರು. ಎಲ್ಲಿಯೋ ಕಟ್ಟಡದ ಕೆಲಸಕ್ಕೆ ಹೊರಟವರಂತೆ ಇದ್ದರು. ಅವರನ್ನೆಲ್ಲ ಕೂರಿಸಿದವನು ಸೌರಭ ಎಂಬ ಯುವಕ. ಗಣಿ ಕಂಪನಿಯ ಪರವಾಗಿ ಓಡಾಡುವವನು. ಇಸ್ತ್ರಿ ಮುರಿಯದ ಅಂಗಿ, ಮೆತ್ತನೆಯ ಮಾತು, ಎಲ್ಲರಿಗೂ ಅಕ್ಕಾ, ಅಣ್ಣಾ. ಡ್ರೈವರ್ ಸೀಟಿನ ಸರಿ ಹಿಂದೆ ಕೂತವರು ಮಾತ್ರ ಬೇರೆಯಾಗಿದ್ದರು. ವಯಸ್ಸಾದ ಗಂಡಸು, ಬಿಳಿ ಧೋತರ, ಕಾವಿ ಶಾಲು, ಕೊರಳಲ್ಲಿ ರುದ್ರಾಕ್ಷಿ. ಸಣ್ಣ ಕನ್ನಡಿ ಹಿಡಿದು ಹಣೆಗೆ ವಿಭೂತಿ ಎಳೆದುಕೊಳ್ಳುತ್ತಿದ್ದರು.

"ಯಾವ ಮಠದವರ್ರಿ?" ಎಂದು ಕಾಕಾ ಕೇಳಿದರು.

"ಇವತ್ತಿನ ಮಟ್ಟಿಗಿ ಮಠದಾಂವ್ರಿ" ಎಂದು ಅವರು ನಕ್ಕರು. ಹೆಸರು ಗುರುಬಸವ ಎಂದೂ ಮೊದಲು ನಾಟಕ ಕಂಪನಿಗಳಲ್ಲಿ ಪಾತ್ರ ಮಾಡುತ್ತಿದ್ದೆ ಎಂದೂ ಹೇಳಿಕೊಂಡರು. ಸಭೆಯಲ್ಲಿ ಏನೋ ನಾಟಕವೂ ಇರಬೇಕು ಎಂದುಕೊಂಡು ಕಾಕಾ ಬಸ್ಸು ಬಿಟ್ಟರು.

ಊರು ದಾಟಿದ ಮೇಲೆ ಸೌರಭ ಎದ್ದು ನಿಂತು ಚಪ್ಪಾಳೆ ತಟ್ಟಿದ.

"ಎಲ್ಲಾರೂ ಈ ಕಡೆ ಲಕ್ಷ್ಯ ಕೊಡ್ರಿ. ನಿಮ್ಮ ಊರು ಯಾವುದು?"

"ಹುಬ್ಬಳ್ಳಿ" ಎಂದರು ಒಂದಿಬ್ಬರು. ಬಸ್ಸಿನ ತುಂಬ ನಗೆ.

"ಅಲ್ರಿ ಅಕ್ಕಾ! ಇವತ್ತ ನಿಮ್ಮ ಊರು ನೇರಲಕೊಪ್ಪ. ಎಲ್ಲಾರೂ ಕೂಡಿ ಹೇಳ್ರಿ. ಯಾವ ಊರು?"

"ನೇರಲಕೊಪ್ಪ!"

"ನಿಮಗೇನ ಬೇಕು?"

"ಗಣಿ ಬೇಕು!"

"ಯಾಕ ಬೇಕು?"

"ಮಕ್ಕಳಿಗಿ ಕೆಲಸಾ ಬೇಕು!"

ಮೊದಲಿಗೆ ನಾಚುತ್ತಿದ್ದವರು ನಾಲ್ಕಾರು ಸಲ ಹೇಳುವಷ್ಟರಲ್ಲಿ ಗಟ್ಟಿಯಾದರು. ಬಸ್ಸಿನ ಗಾಜು ನಡುಗುವಂತೆ ಕೂಗಿದರು. ಕಾಕಾ ತಾವು ಕೇಳಿದ್ದು ಖರೆಯೋ ಎಂದು ಕನ್ನಡಿಯಲ್ಲಿ ಹಿಂದೆ ನೋಡಿದರು. ನೋಡುತ್ತ ಗೇರು ತಪ್ಪಿಸಿದರು, ಬಸ್ಸು ಮುಗ್ಗರಿಸಿತು. ನೇರಲಕೊಪ್ಪದ ಒಂದೊಂದು ಮನೆಯ ಮಂದಿಯನ್ನೂ ಅವರು ಬಲ್ಲರು. ಯಾರ ಕೂಸು ಯಾವ ಮಳೆಯಲ್ಲಿ ತಮ್ಮ ಬಸ್ಸಿನಲ್ಲೇ ಹುಟ್ಟಿತು ಎಂಬುದನ್ನೂ ಬಲ್ಲರು. ಈಗ ಬೆನ್ನ ಹಿಂದೆ ಕೂತವರಲ್ಲಿ ಆ ಊರಿನ ಒಂದು ಮುಖವೂ ಇಲ್ಲ.

ಚಹಾಕ್ಕೆ ನಿಲ್ಲಿಸಿದಾಗ ಸೌರಭನನ್ನು ಬದಿಗೆ ಕರೆದು ಕೇಳಿದರು. "ಏನ್ರಿ ಇದು?"

"ಸರಕಾರದವರು ಊರ ಮಂದೀ ಅಭಿಪ್ರಾಯ ಕೇಳೂ ಸಭಾ ಕಾಕಾ. ಊರಾವ್ರು ಹೊಲದ ಕೆಲಸದಾಗ ಇರ್ತಾರ. ಕುರ್ಚಿ ಖಾಲಿ ಕಂಡ್ರ ಛಲೋ ಕಾಣೂದಿಲ್ಲ."

"ಹಂಗಂತ ಅವರ ಊರ ಹೆಸರು ಹೇಳಸೂದೇನ್ರಿ?"

ಸೌರಭ ಅವರ ಭುಜದ ಮೇಲೆ ಕೈಯಿಟ್ಟ. "ನೀವು ಗಾಡಿ ನಡಸ್ರಿ ಕಾಕಾ. ಮಾತಾಡಾಕ ಬ್ಯಾರೇದವ್ರು ಅದಾರ."

ಕಾಕಾ ಮತ್ತೆ ಬಸ್ಸು ಹತ್ತಿದರು. ಅಲ್ಲಿ ಅಯ್ಯಾರು ಇರುತ್ತಾರೆ, ಅವರ ಮುಂದೆ ಈ ಆಟ ನಡೆಯುವುದಿಲ್ಲ ಎಂದು ಮನಸ್ಸಿಗೆ ಹೇಳಿಕೊಂಡರು.

ನೇರಲಕೊಪ್ಪದ ಹಳ್ಳದ ಸೇತುವೆ ಕಿರಿದು. ಎದುರಿನಿಂದ ಕೊರೆಯುವ ಕೊಳವೆಗಳನ್ನು ಹೇರಿಕೊಂಡ ಲಾರಿ ಬರುತ್ತಿತ್ತು. ಬಸ್ಸು ಕಾಯಬೇಕಾಯಿತು. ಕಾಶೀಬಾಯಿ ಎಂಬ ಕೂಲಿ ಹೆಂಗಸು ಖಾಲಿ ಬಾಟಲಿ ಹಿಡಿದು ಹಳ್ಳಕ್ಕಿಳಿದಳು. ಹೋದವಳು ಅಲ್ಲೇ ನಿಂತುಬಿಟ್ಟಳು. ಕಾಕಾ ಕಿಟಕಿಯಿಂದ ಬಗ್ಗಿ ನೋಡಿದರು.

ಹಳ್ಳದಲ್ಲಿ ಹರಿಯುತ್ತಿದ್ದುದು ನೀರಿನಂತೆ ಕಾಣಲಿಲ್ಲ. ಬೂದಿ ಕಲಸಿದ ಹಾಲಿನಂತೆ, ದಪ್ಪಗೆ, ಸದ್ದಿಲ್ಲದೆ ಸಾಗುತ್ತಿತ್ತು. ದಂಡೆಯ ಕಲ್ಲುಗಳ ಮೇಲೆಲ್ಲ ಬಿಳಿ ಕೆಸರು ಒಣಗಿ ಬಿರುಕು ಬಿಟ್ಟಿತ್ತು. ಅದರಲ್ಲಿ ಹೂತುಕೊಂಡ ಸಣ್ಣ ಮೀನುಗಳು. ಅವರು ಬಸ್ಸು ತೊಳೆದು, ಮುಖ ತೊಳೆದು, ಬೊಗಸೆಯಲ್ಲಿ ಕುಡಿದ ಹಳ್ಳ ಅದು. ತಳದ ಹರಳು ಎಣಿಸುವಷ್ಟು ತಿಳಿಯಾಗಿರುತ್ತಿತ್ತು.

ಕಾಶೀಬಾಯಿ ಬಾಟಲಿ ತುಂಬಿಕೊಂಡು ಬಂದು ಕಾಕಾರ ಮುಂದೆ ಹಿಡಿದಳು. "ಕಾಕಾ, ಇದು ನೀರೋ ಸುಣ್ಣೋ? ನಮ್ಮ ಓಣ್ಯಾಗ ನಲ್ಲಿ ವಾರಕ್ಕೊಮ್ಮಿ ಬಂದ್ರೂ ಹಿಂತಾ ನೀರು ಬಂದಿಲ್ಲ. ಈ ಊರಾವ್ರು ಏನ ಕುಡೀತಾರ?"

"ಮಳಿ ರಾಡಿ ಅದು" ಎಂದ ಸೌರಭ. ಮಳೆ ನಿಂತು ಬಹಳ ದಿನವಾಗಿತ್ತು. ಕಾಶೀಬಾಯಿ ಬಾಟಲಿಯನ್ನು ಚೆಲ್ಲಲಿಲ್ಲ, ಉಡಿಯಲ್ಲಿಟ್ಟುಕೊಂಡು ಕೂತಳು.

ಸಭೆ ಶಾಲೆಯ ಬಯಲಿನಲ್ಲಿ. ಶಾಮಿಯಾನ, ಸಾಲು ಕುರ್ಚಿ, ವೇದಿಕೆಯ ಮೇಲೆ ಅಧಿಕಾರಿಗಳು, ವಿಡಿಯೋದವರು, ಕಂಬಗಳಿಗೆ ಕಟ್ಟಿದ ಕಹಳೆಯಂಥ ಸ್ಪೀಕರು. ಬಸ್ಸಿನವರು ಮುಂದಿನ ಕುರ್ಚಿಗಳನ್ನು ತುಂಬಿದರು. ಇನ್ನೂ ಎರಡು ಬಸ್ಸು ಬೇರೆ ಕಡೆಯಿಂದ ಬಂದಿದ್ದವು. ಊರವರು ಮಾತ್ರ ಕಾಣಲಿಲ್ಲ. ಶಾಲೆಯ ಹಳೆಯ ಜವಾನ ಬೇವಿನ ಮರದ ಕೆಳಗೆ ನಿಂತಿದ್ದ. ಕಾಕಾರನ್ನು ಗುರುತು ಹಿಡಿದು ಕೈ ಹಿಡಿದುಕೊಂಡ.

"ಮಂದಿ ಎಲ್ಲೆದಾರೋ?"

"ಗೋವಿನಜೋಳ ಮುರ್ಯಾಕ ಹೋಗ್ಯಾರ್ರಿ. ಸಭಾ ಮಧ್ಯಾಹ್ನ ಮೂರಕ್ಕ ಅಂತ ನಿನ್ನಿ ಊರಾಗ ಸಾರಿದ್ರು. ನೋಡಿದ್ರ ಹನ್ನೊಂದಕ್ಕ ಚಾಲೂ ಮಾಡ್ಯಾರ."

ಅಷ್ಟರಲ್ಲಿ ಸ್ಪೀಕರಿನಲ್ಲಿ ದನಿ ಬಂತು. "ಈ ಮೊದಲು ಗಣಿಗಾರಿಕೆಗೆ ತಕರಾರು ಸಲ್ಲಿಸಿದ್ದ ನೇರಲಕೊಪ್ಪದ ಗುರುಸಿದ್ದಯ್ಯ ಹಿರೇಮಠ ಅವರು ಈಗ ಮಾತನಾಡಬೇಕು."

ಕಾಕಾರ ಎದೆ ಹಗುರಾಯಿತು. ಅಯ್ಯಾರು ಬಂದಿದ್ದಾರೆ! ಹಿಮ್ಮಡಿ ಎತ್ತಿ, ಕುರ್ಚಿಗಳ ನಡುವೆ ಆ ಬೋಳು ತಲೆಯನ್ನು ಹುಡುಕಿದರು. ಆದರೆ ಎದ್ದು ನಿಂತವರು ಬಸ್ಸಿನಲ್ಲಿ ತಮ್ಮ ಹಿಂದೆ ಕೂತಿದ್ದ ಗುರುಬಸವ.

"ನನಗ ಮೊದಲ ತಿಳೀಲೇ ಇಲ್ರಿ" ಎಂದು ಕಾಕಾ ನನಗೆ ಹೇಳಿದರು. "ಅಯ್ಯಾರು ಎಲ್ಲೋ ಹಿಂದ ಕುಂತಾರ, ಈ ಮನಷ್ಯಾ ತಪ್ಪಿ ಎದ್ದಾನ ಅಂತ ತಿಳಕೊಂಡೆ. ಯಾರರ ಅವನ್ನ ಕುಂದ್ರಸ್ತಾರ ಅಂತ ನೋಡಾಕತ್ತೆ. ಯಾರೂ ಕುಂದ್ರಸಲಿಲ್ಲ."

ಗುರುಬಸವ ಮೈಕಿನ ಮುಂದೆ ನಿಂತು ಶಾಲು ಸರಿಪಡಿಸಿಕೊಂಡರು. ಪಳಗಿದ ದನಿ. "ನಾನು ಗುರುಸಿದ್ದಯ್ಯ. ಅಜ್ಜನ ವರ್ತಿಯ ಪೂಜಾರಿ. ಗಣಿ ಬೇಡ ಅಂತ ಮೊದಲು ಅಂದಾಂವ ನಾನ. ಅದು ನನ್ನ ತಿಳಿಗೇಡಿತನ. ವರ್ತಿ ತಾನಾಗೇ ಬತ್ತಾಕತ್ತೈತಿ. ಅಜ್ಜನೇ ನಮ್ಮನ್ನ ಬಿಟ್ಟ ಹೋಗ್ಯಾನ. ಇನ್ನ ನಮ್ಮ ಮಕ್ಕಳರ ಬದಕಲಿ..." ಕೊನೆಗೆ ಗಂಟಲು ಒಡೆಯಿತು. ಮುಂದಿನ ಸಾಲಿನವರು ಚಪ್ಪಾಳೆ ತಟ್ಟಿದರು. ವೇದಿಕೆಯ ಮೇಲೊಬ್ಬರು ತಲೆ ಆಡಿಸಿದರು.

ಕಾಕಾ ಜವಾನನ ತೋಳು ಹಿಡಿದು ಜಗ್ಗಿದರು. "ಅಯ್ಯಾರು ಎಲ್ಲೆದಾರ? ಲಗೂ ಕರಿ ಅವರ್ನ!"

ಜವಾನ ಬಾಯಿ ತೆರೆದು ಅವರನ್ನೇ ನೋಡಿದ. "ಡ್ರೈವರ್ ಸಾಹೇಬ್ರ, ನಿಮಗ ಗೊತ್ತಿಲ್ಲೇನ್ರಿ? ಅಯ್ಯಾರು ಬ್ಯಾಸಿಗ್ಯಾಗ ಲಿಂಗೈಕ್ಯ ಆದ್ರು."

ಸುದ್ದಿ ಕೇಳಿದ್ದಕ್ಕೂ ಮೈಕಿನ ದನಿ ಕೇಳುತ್ತಿದ್ದುದಕ್ಕೂ ತಾಳೆಯೇ ಆಗಲಿಲ್ಲ ಎನ್ನುತ್ತಾರೆ ಕಾಕಾ. ಗೆಳೆಯ ಸತ್ತದ್ದು ಆ ಕ್ಷಣ ತಿಳಿಯಿತು. ಅದೇ ಕ್ಷಣ ಅದೇ ಗೆಳೆಯ ಮೈಕಿನಲ್ಲಿ "ನಾನು ಗುರುಸಿದ್ದಯ್ಯ" ಎನ್ನುತ್ತಿದ್ದಾನೆ. ಬೇವಿನ ಬುಡಕ್ಕೆ ಕೈ ಊರಿ ನಿಂತರು. ಅಳುವುದಕ್ಕೂ ಬರಲಿಲ್ಲ.

ಆಗ ಶಾಲೆಯ ಗೋಡೆಯ ಆಚೆಯಿಂದ ಶಿವಬಸವ್ವ ಬಂದರು. ಅವರ ಮನೆ ಶಾಲೆಗೆ ಹತ್ತಿಯೇ ಇದೆ. ತಲೆಯ ಮೇಲೆ ಸೆರಗಿಲ್ಲ, ಕಾಲಲ್ಲಿ ಚಪ್ಪಲಿಯಿಲ್ಲ, ಮೊಣಕೈತನಕ ರೊಟ್ಟಿಯ ಹಿಟ್ಟು. ಶಾಮಿಯಾನದ ಅಂಚಿಗೆ ಬಂದು ನಿಂತು ಮೈಕಿನ ಮುಂದಿದ್ದವರನ್ನು ನೋಡಿದರು. ಕಾವಿ ಶಾಲು, ವಿಭೂತಿ, ರುದ್ರಾಕ್ಷಿ. ಒಂದು ಗಳಿಗೆ ಆಕೆಯ ಮುಖದಲ್ಲಿ ಏನು ಬಂದು ಹೋಯಿತೋ, ಅದನ್ನು ಹೇಳಲು ಕಾಕಾಗೆ ಆಗುವುದಿಲ್ಲ.

ಆಕೆ ಕುರ್ಚಿಗಳ ನಡುವೆ ನಡೆದುಕೊಂಡು ವೇದಿಕೆಯ ಹತ್ತಿರ ಹೋದರು.

"ಯಾರು ಕರದ್ರಿ ಅವರ್ನ? ಮೈಕಿನಾಗ ಅವರ ಹೆಸರು ಕೇಳಿ ರೊಟ್ಟಿ ಹಂಚಿನ ಮ್ಯಾಲ ಬಿಟ್ಟ ಓಡಿ ಬಂದೇನ್ರಿ. ಅವರ್ನ ಮಣ್ಣ ಮಾಡಿದ ಕೈ ಇವು. ಯಾರ್ರಿ ಈ ಮನಷ್ಯಾ?"

ಚಪ್ಪಾಳೆ ನಿಂತಿತು. ವೇದಿಕೆಯ ನಡುವೆ ಕೂತಿದ್ದ ಹಿರಿಯ ಅಧಿಕಾರಿ ಒಬ್ಬ ಹೆಂಗಸು. ಆಕೆ ಮುಂದೆ ಬಾಗಿ ಕೇಳಿದರು: "ನಿಮ್ಮ ಯಜಮಾನರ ಹೆಸರೇನಮ್ಮ?"

ಶಿವಬಸವ್ವ ತಡವರಿಸಿದರು. ಗಂಡನ ಹೆಸರನ್ನು ಆಕೆ ಒಮ್ಮೆಯೂ ಬಾಯಿಬಿಟ್ಟು ಆಡಿದವರಲ್ಲ. "ಅವರ ಹೆಸರು ನಾ ಹ್ಯಾಂಗ ಹೇಳ್ಲಿ ಬಾಯಾರ? ಈಗ ನೀವ ಕೂಗಿದ್ರೆಲ್ಲ, ಅದ."

ಸೌರಭ ಓಡಿ ಬಂದ. "ಮೇಡಂ, ಈಕಿಗೆ ತಲಿ ಸರಿ ಇಲ್ರಿ. ಊರಾಗ ಎಲ್ಲಾರಿಗೂ ಗೊತ್ತೈತಿ" ಎಂದು ಕುರ್ಚಿಗಳ ಕಡೆ ತಿರುಗಿ, "ಹೌದಲ್ರಿ?" ಎಂದ.

"ಹೌದ್ರಿ" ಎಂದರು ಕೆಲವರು. ಅಭ್ಯಾಸವಾಗಿಬಿಟ್ಟಿತ್ತು.

ಆ "ಹೌದ್ರಿ" ಕೇಳಿದ ಮೇಲೆ ತಾವು ಅಲ್ಲಿಗೆ ಹೋದದ್ದು ಹೇಗೆ ಎಂಬುದು ಕಾಕಾಗೆ ನೆನಪಿಲ್ಲ. ವಿಡಿಯೋದಲ್ಲಿ ಮಾತ್ರ ಕಾಣುತ್ತದೆ. ಖಾಕಿ ಅಂಗಿಯ ಎತ್ತರದ ಮನುಷ್ಯ ಸಾಲು ಸೀಳಿಕೊಂಡು ಬರುತ್ತಾರೆ, ಗುರುಬಸವರನ್ನು ದಾಟಿ ಮೈಕಿಗೆ ಬಾಯಿಡುತ್ತಾರೆ.

"ನಾ ಡ್ರೈವರ್ ಅದೇನ್ರಿ ಸಾಹೇಬ್ರ. ಇಮಾಮಹುಸೇನ ನದಾಫ. ಹೊರಗ ಬಿಳಿ ಬಸ್ಸು ನಿಂತೈತಲ್ಲ, ಅದನ್ನ ನಾ ತಂದೇನಿ. ಈ ಕುರ್ಚಿ ಮ್ಯಾಲಿನ ಮಂದೀನ ಹುಬ್ಬಳ್ಳಿಯಿಂದ ನಾನ ತಂದೇನಿ. ಇವರು ಗುರುಸಿದ್ದಯ್ಯಾರು ಅಲ್ಲ. ಅವರ ಪಡಸಾಲ್ಯಾಗ ವರ್ಷಗಟ್ಲೆ ಮಲಗಿದಾಂವ ನಾನು. ಈ ತಾಯಿ ಕೈಯಿಂದ ಉಂಡೇನಿ. ಈಕಿ ತಲಿ ಸರಿ ಐತಿ, ಕೆಟ್ಟದ್ದು ನಮ್ಮದು..."

ಮೈಕು ನಿಂತಿತು. ಯಾರೋ ವಯರು ಕಿತ್ತಿದ್ದರು. ಕಾಕಾ ಮೈಕಿಲ್ಲದೇ ಮಾತಾಡಿದರು. ಜೀವನದಲ್ಲಿ ಯಾರಿಗೂ ದನಿ ಎತ್ತದ ಮನುಷ್ಯ ಬಯಲಿನ ತುದಿಗೆ ಕೇಳುವಂತೆ ಕೂಗಿದರು. "ಕೇಳ್ರಿ ಇವರ್ನ! ಇವರ ಊರಾಗ ಶಾಲಿ ಎಲ್ಲೈತಿ, ಗುಡಿ ಎಲ್ಲೈತಿ, ವರ್ತಿಗಿ ಯಾವ ದಾರೀಲೆ ಹೋಗೂದು ಕೇಳ್ರಿ!"

ಮೊದಲು ಎದ್ದವಳು ಕಾಶೀಬಾಯಿ. "ಖರೇ ಐತ್ರಿ. ನಾ ಹುಬ್ಬಳ್ಳಿಯಾಕಿ" ಎಂದಳು. ಉಡಿಯಿಂದ ಬಾಟಲಿ ತೆಗೆದು ಅಧಿಕಾರಿಯ ಮೇಜಿನ ಮೇಲಿಟ್ಟಳು. ತಳದಲ್ಲಿ ಬೆರಳು ದಪ್ಪದ ಬಿಳಿ ಕೆಸರು ಕೂತಿತ್ತು. "ಈ ಊರ ನೀರು ನೋಡ್ರಿ. ಹಿಂತಾದ್ದಕ್ಕ ಹೌದು ಅನ್ನಾಕ ನಮ್ಮನ್ನ ತಂದಾರಂತ ನಮಗ ಗೊತ್ತಿರಲಿಲ್ರಿ." ಆಕೆಯ ಹಿಂದೆ ಇನ್ನೊಬ್ಬಳು ಎದ್ದಳು. ಆಮೇಲೆ ಕೆಲವರು ತಲೆ ತಗ್ಗಿಸಿ ಬಸ್ಸಿನ ಕಡೆ ನಡೆದರು.

ಗುರುಬಸವ ಅಲ್ಲೇ ನಿಂತಿದ್ದರು. ಕೊರಳಿನ ರುದ್ರಾಕ್ಷಿ ತೆಗೆದು ಮುಷ್ಟಿಯಲ್ಲಿ ಹಿಡಿದು ಶಿವಬಸವ್ವನಿಗೆ ಕೈ ಮುಗಿದರು. "ತಾಯೀ, ತೀರಿಕೊಂಡವರ ಹೆಸರು ಅಂತ ನನಗ ಖರೇನ ಗೊತ್ತಿರಲಿಲ್ಲ."

"ಬದುಕಿದ್ದವರ ಹೆಸರಾಗಿದ್ರ ಹೇಳ್ತಿದ್ದೇನಪಾ?" ಎಂದರು ಶಿವಬಸವ್ವ.

ಹಿರಿಯ ಅಧಿಕಾರಿ ಎದ್ದು ನಿಂತು ಸಭೆ ರದ್ದಾಯಿತು ಎಂದು ಘೋಷಿಸಿದರು. ನಡೆದದ್ದೆಲ್ಲ ವಿಡಿಯೋದಲ್ಲಿದೆ, ಹಾಗೇ ಮೇಲಕ್ಕೆ ಕಳಿಸುತ್ತೇನೆ, ಪ್ರತಿ ಊರಿನಲ್ಲೂ ಸರಿಯಾಗಿ ಡಂಗುರ ಸಾರಿಸಿ ಮತ್ತೊಮ್ಮೆ ಸಭೆ ಕರೆಯುತ್ತೇನೆ ಎಂದರು. ಹೊಲದಲ್ಲಿದ್ದವರು ಗದ್ದಲ ಕೇಳಿ ಕುಡುಗೋಲು ಹಿಡಿದಂತೆಯೇ ಓಡಿ ಬರುವಷ್ಟರಲ್ಲಿ ಸೌರಭನ ಕಾರು ಊರು ಬಿಟ್ಟಿತ್ತು.

ಬಸ್ಸು ಹೊರಡುವ ಮುಂಚೆ ಕಾಕಾ ಆ ಪಡಸಾಲೆಗೆ ಹೋದರು. ಹಂಚಿನ ಮೇಲಿನ ರೊಟ್ಟಿ ಸುಟ್ಟು ಕರಕಾಗಿ ಮನೆಯ ತುಂಬ ಹೊಗೆ. ಶಿವಬಸವ್ವ ಕೈ ತೊಳೆಯಲಿಲ್ಲ, ಹಾಗೇ ಕೂತು ಹೇಳಿದರು. ಕೊರೆಯುವುದು ಶುರುವಾದ ಮೇಲೆ ಒಂದು ಬೆಳಿಗ್ಗೆ, ತೂತಿಗೆ ಸುರಿದ ಜೇಡಿ ಕೆಸರು ಸೆಲೆಗಿಳಿದು, ವರ್ತಿಯಲ್ಲೇ ಬಿಳಿ ನೀರು ಬಂತಂತೆ. ಪೂಜೆಗೆ ಹೋದ ಗುರುಸಿದ್ದಯ್ಯ ಅದನ್ನೇ ಕೊಡದಲ್ಲಿ ತುಂಬಿ ತಂದು ದೇವರ ಮುಂದೆ ಇಟ್ಟರಂತೆ.

"ಅದಕ್ಕ ಹೋದ್ರು ಅಂತ ನಾ ಹೇಳೂದಿಲ್ಲ ಅಣ್ಣಾ. ವಯಸ್ಸಾಗಿತ್ತು. ಆದ್ರ ಆ ನೀರು ನೋಡಿದ ಮ್ಯಾಲ ಅವರು ಮಾತ ಬಿಟ್ರು. ಅಷ್ಟ ಮಾತಾಡಾವ್ರು! ನಾ ಏನ ಕೇಳಿದ್ರೂ ಸುಮ್ನ ನನ್ನ ಮಾರಿ ನೋಡಾವ್ರು. ಆಮ್ಯಾಲ ಒಂದಿನ ವರ್ತಿಯಿಂದ ಇಳಿಯೂ ಮುಂದ ಕಲ್ಲಿನ ಮ್ಯಾಲ ಕುಂತವರು ಏಳಲಿಲ್ಲ. ಫೋನು ಎಲ್ಲಿ ಬಿತ್ತೋ ಸಿಗಲೇ ಇಲ್ಲ. ನಿಮಗ ಹ್ಯಾಂಗ ತಿಳಸ್ಲಿ?"

ಕಾಕಾ ಶಾವಿಗೆಯ ಪೊಟ್ಟಣವನ್ನು ಅವರ ಮುಂದೆ ಇಟ್ಟು ಎದ್ದು ಬಂದರು.

ಬಂದವರನ್ನು ಮರಳಿ ಹುಬ್ಬಳ್ಳಿಗೆ ಮುಟ್ಟಿಸಬೇಕಿತ್ತಲ್ಲ. ಗುರುಬಸವ ಕಟ್ಟಕಡೆಯ ಸೀಟಿನಲ್ಲಿ ಮುಖಕ್ಕೆ ಶಾಲು ಹಾಕಿಕೊಂಡು ಕೂತಿದ್ದರು.

ಮರುದಿನ ರಾಜಶೇಖರ ಕರೆದರು. "ಕಾಕಾ, ನಿಮ್ಮ ಮ್ಯಾಲ ನನಗ ಸಿಟ್ಟಿಲ್ಲ. ಆದ್ರ ಕಂಪನ್ಯಾವ್ರು ಫೋನ್ ಮಾಡಿ ಬಾಯಿಗಿ ಬಂದಂಗ ಅಂದ್ರು. ನಾನೂ ಧಂದೆ ಮಾಡಬೇಕಲ್ರಿ. ಇನ್ನ ಬರಬ್ಯಾಡ್ರಿ." ಕಾಕಾ ಕೀಲಿ ಕೊಟ್ಟು ಬಂದರು. ವಿಡಿಯೋ ಊರೆಲ್ಲ ಸುತ್ತಿತು. ಕೆಲವರು ಬಂದು ಬೆನ್ನು ತಟ್ಟಿದರು. ಕೆಲವರು, ಈ ವಯಸ್ಸಿನಲ್ಲಿ ಯಾರದೋ ಊರಿನ ನೀರಿಗಾಗಿ ಅನ್ನ ಕಳಕೊಂಡರಲ್ಲ ಎಂದು ಹುಬ್ಬೇರಿಸಿದರು. ಒಂದು ಮಧ್ಯಾಹ್ನ ಮೋಟರ್ ಸೈಕಲ್ಲಿನ ಮೇಲೆ ಬಂದ ಯಾರೋ ಇಬ್ಬರು ಗುಲ್ಜಾರಬಿಯನ್ನು, ನಿನ್ನ ಗಂಡ ದಿನಾ ಎಲ್ಲೆಲ್ಲಿ ಹೋಗುತ್ತಾನೆ ಎಂದು ನಗುನಗುತ್ತಲೇ ಕೇಳಿ ಹೋದರು. ಆಕೆ ಆಮೇಲೆ ಎಷ್ಟೋ ದಿನ ಹಗಲಲ್ಲೂ ಬಾಗಿಲಿಗೆ ಅಗಳಿ ಹಾಕುತ್ತಿದ್ದಳು. ಗದಗಿನಲ್ಲಿರುವ ಮಗಳು ಮುಸ್ಕಾನ್ ತನ್ನ ಮನೆಗೆ ಬಂದಿರಿ ಎಂದು ಹಟ ಹಿಡಿದಳು. ಇಬ್ಬರೂ ಹೋಗಲಿಲ್ಲ.

ಎರಡನೆಯ ಸಭೆ ಸಂಕ್ರಾಂತಿ ಕಳೆದ ಮೇಲೆ ಅದೇ ಬಯಲಿನಲ್ಲಿ ನಡೆಯಿತು. ಕಾಕಾರ ಜೊತೆ ಸರಕಾರಿ ಬಸ್ಸಿನಲ್ಲಿ ನಾನೂ ಹೋಗಿದ್ದೆ. ಕೂರಲು ಜಾಗವಿರಲಿಲ್ಲ, ಗೋಡೆಯ ಮೇಲೂ ಮಂದಿ. ಕೆಳಗಿನ ಊರುಗಳ ಹೆಂಗಸರು ಒಬ್ಬೊಬ್ಬರಾಗಿ ಬಂದು ತಮ್ಮ ಬಾವಿ, ತಮ್ಮ ಕೆರೆ, ತಮ್ಮ ಎಮ್ಮೆಗಳ ಮಾತು ಹೇಳಿದರು. ಅರಣ್ಯದ ಅಂಚಿನಲ್ಲಿ ಕುರಿ ಕಾಯುವ ಮುದುಕರೊಬ್ಬರು, ಈಗ ಕಡವೆಗಳು ನೀರಿಗೆ ಊರೊಳಗೇ ಬರುತ್ತಿವೆ, ನಾಯಿಗಳು ಹರಿದು ತಿನ್ನುತ್ತಿವೆ ಎಂದರು. ಶಿವಬಸವ್ವನೂ ಮಾತಾಡಿದರು. "ನಮ್ಮ ಮನಿಯವರು ಹೇಳಿದ್ದನ್ನ ನಾ ಹೇಳ್ತೇನಿ. ಗಣಿ ಬ್ಯಾಡ" ಎಂದಷ್ಟೇ ಹೇಳಿ ಕೂತರು. ಕಾಕಾ ಅಂದು ಮಾತಾಡಲಿಲ್ಲ. ಯಾರೋ ಕರೆದಾಗ ಕೈಯಾಡಿಸಿ ಬೇಡ ಎಂದರು.

ಕೊನೆಗೆ ವನ್ಯಜೀವಿ ಧಾಮದಲ್ಲೂ ಅದಕ್ಕೆ ಹತ್ತಿದ ಜಾಗದಲ್ಲೂ ಗಣಿಗೆ ಅನುಮತಿ ಇಲ್ಲ ಎಂಬ ಆದೇಶ ಬಂತು. ಯಂತ್ರಗಳು ಹೋದವು. ಕೊರೆದ ತೂತುಗಳಿಗೆ ಸಿಮೆಂಟು ಮೆತ್ತಿದರು. ಹಿಂದಿನ ಮಳೆಗಾಲದಲ್ಲಿ ಹಳ್ಳ ತಿಳಿಯಾಯಿತು. ಆದರೆ ಅಜ್ಜನ ವರ್ತಿ ಮೊದಲಿನಷ್ಟು ದಪ್ಪ ಬರುತ್ತಿಲ್ಲ. ಈ ಬೇಸಿಗೆಯಲ್ಲಿ ಒಂದು ಕೊಡ ತುಂಬಲು ಶಿವಬಸವ್ವ ಬಹಳ ಹೊತ್ತು ಕಾಯಬೇಕಾಯಿತಂತೆ. ಒಳಗೆ ಯಾವ ಸೆಲೆ ಒಡೆದಿದೆಯೋ, ಕೂಡೀತೋ ಇಲ್ಲವೋ, ಯಾರಿಗೂ ಹೇಳಲಾಗಿಲ್ಲ. ಗುಡ್ಡದ ಆಚೆ ಮಗ್ಗುಲಿಗೆ ಇನ್ನೊಂದು ಹೆಸರಿನಲ್ಲಿ ಅರ್ಜಿ ಬಿದ್ದಿದೆ ಎಂಬ ಸುದ್ದಿಯೂ ಇದೆ.

ಕಾಕಾ ಈಗ ಒಂದು ಶಾಲೆಯ ವ್ಯಾನು ಓಡಿಸುತ್ತಾರೆ. ಮೊದಲಿನಂತೆಯೇ ಮಾತು ಕಡಿಮೆ. ಮೊನ್ನೆ ನಲ್ಲಿ ನೀರಿಗೆ ಕಾಯುತ್ತ ಕೂತಾಗ, ಕೇಳದೆಯೇ ಹೇಳಿದರು.

"ಕಂಪನ್ಯಾವ್ರು ಮಾಡಿದ್ದು ಇರ್ಲಿ ಬಿಡ್ರಿ. ಹುಬ್ಬಳ್ಳ್ಯಾಗ ಹತ್ತಿದ ಮಂದಿ ಕಲಘಟಗಿ ಬರೂದ್ರಾಗ ನೇರಲಕೊಪ್ಪದವ್ರಾಗಿ ಬಿಟ್ರು. ನಗ್ತಾ ನಗ್ತಾ. ಕೆಟ್ಟ ಮಂದಿ ಅಲ್ರಿ ಅವರು, ನಮ್ಮಂಗ ನೀರಿಗಿ ಪಾಳಿ ಹಚ್ಚಾವ್ರ. ನಾನೂ ಚಹಾ ಕುಡದು ಮತ್ತ ಬಸ್ಸು ಹತ್ತಿದೆ. ಆ ತಾಯಿ ರೊಟ್ಟಿ ಬಿಟ್ಟು ಓಡಿ ಬರಲಿಲ್ಲಂದ್ರ ನಾನೂ ಮೈಕ ಹಿಡೀತಿದ್ನೋ ಇಲ್ಲೋ?"

ಒಳಗಿನಿಂದ ಗುಲ್ಜಾರಬಿ, ನೀರು ಬಂತು ಎಂದು ಕೂಗಿದಳು. ಕಾಕಾ ಕೊಡ ಎತ್ತಿಕೊಂಡು ಎದ್ದರು.